ಹಾಲ್ ನೋಡಲು ಉಮ್ಮನೂ ಬರಲಿ

ನಿಮ್ಮ ಮನೆಯಲ್ಲೂ ಇದು ನಡೆದಿರಬಹುದು. ಮಗಳ ಮದುವೆ ನಿಶ್ಚಯವಾಗುತ್ತದೆ. ಹುಡುಗನ ಕಡೆಯವರು ಬಂದು ಮಾತನಾಡಿ ಹೋಗುತ್ತಾರೆ. ಅದಾಗಿ ಎರಡು-ಮೂರು ದಿನಗಳಲ್ಲಿ ಮನೆಯ ಯಜಮಾನರು ಮಗ್ರಿಬ್ ಮುಗಿಸಿ ಬಂದು, ಚಪ್ಪಲಿ ಕಳಚುತ್ತಲೇ ಹೇಳುತ್ತಾರೆ: "ಹಾಲ್ ಬುಕ್ ಆಯ್ತು."

ನೀವು "ಅಲ್‌ಹಮ್ದುಲಿಲ್ಲಾಹ್" ಎನ್ನುತ್ತೀರಿ. ಯಾವ ಹಾಲ್, ಬಾಡಿಗೆ ಎಷ್ಟು, ಎಷ್ಟು ಜನ ಹಿಡಿಸುತ್ತಾರೆ ಎಂದು ಕೇಳುತ್ತೀರಿ. ಅಲ್ಲಿ ಹೆಂಗಸರ ಭಾಗ ಎಲ್ಲಿದೆ ಎಂದು ಎಂದಾದರೂ ಕೇಳಿದ್ದೀರಾ?

ನಾನು ಕೇಳಿರಲಿಲ್ಲ. ಆ ಒಂದು ಪ್ರಶ್ನೆಯನ್ನು ಕೇಳದೆ ಉಳಿದದ್ದರ ನೋವು ಇಂದಿಗೂ ನನ್ನ ಜೊತೆಗಿದೆ. ಅದಕ್ಕೇ ಈ ಲೇಖನ.

ಇಪ್ಪತ್ತೆಂಟು ಮೆಟ್ಟಿಲು

ಅದು 2018ರ ಆಗಸ್ಟ್ ತಿಂಗಳು. ನನ್ನ ಹಿರಿಯ ಮಗಳ ಮದುವೆ. ಅಳಿಯ ಗಲ್ಫ್‌ನಲ್ಲಿ ದುಡಿಯುವವರು, ಅವರಿಗೆ ರಜೆ ಸಿಕ್ಕಿದ್ದು ಮಳೆಗಾಲದಲ್ಲಿ. ನಮ್ಮ ಕರಾವಳಿಯಲ್ಲಿ ಎಷ್ಟೋ ಮದುವೆಗಳ ದಿನವನ್ನು ಗೊತ್ತು ಮಾಡುವುದು ವಿಮಾನದ ಟಿಕೆಟ್ ತಾನೆ? ಹೊರಗೆ ಧೋ ಎಂದು ಸುರಿಯುವ ಮಳೆ. ಆದರೆ ಹಾಲ್ ಬಹಳ ಚೆನ್ನಾಗಿದೆ ಎಂದು ಗಂಡಸರೆಲ್ಲ ಹೇಳಿದರು. ಅವರ ಮಟ್ಟಿಗೆ ಅದು ಸುಳ್ಳಲ್ಲ. ನೆಲ ಅಂತಸ್ತಿನಲ್ಲಿ ಅವರ ಸಭೆ, ಅದರ ಪಕ್ಕದಲ್ಲೇ ಊಟ, ಕಾರು ಬಾಗಿಲವರೆಗೂ ಬರುತ್ತಿತ್ತು. ಹೆಂಗಸರಿಗೆ ಮೇಲಿನ ಮಹಡಿ. ಅಲ್ಲಿಗೆ ಹತ್ತಲು ಕಟ್ಟಡದ ಹಿಂಬದಿಯಲ್ಲಿ ಒಂದು ಇಕ್ಕಟ್ಟಾದ ಮೆಟ್ಟಿಲು. ಎರಚಲು ನೀರು ಬಿದ್ದು ಅದು ಜಾರುತ್ತಿತ್ತು.

ಉಮ್ಮನಿಗೆ ಆಗ ಎಪ್ಪತ್ತೆರಡು ವರ್ಷ. ಎರಡೂ ಮಂಡಿಗಳು ಸವೆದಿದ್ದವು. ಮದುಮಗಳನ್ನು ಎತ್ತಿ ಆಡಿಸಿ ಬೆಳೆಸಿದ್ದು ಅವರೇ. ಮೂರು ಮೆಟ್ಟಿಲು ಹತ್ತಿದವರು ನಾಲ್ಕನೆಯದಕ್ಕೆ ನಿಂತುಬಿಟ್ಟರು. ಯಾರೋ ನಾಲ್ಕು ಹುಡುಗರು ಓಡಿ ಬಂದು, "ಕುರ್ಚಿಯಲ್ಲಿ ಕೂರಿಸಿ ಎತ್ತಿಕೊಂಡು ಹೋಗ್ತೇವೆ" ಎಂದರಂತೆ. ಉಮ್ಮ ಒಪ್ಪಲಿಲ್ಲ. ಇಡೀ ಜೀವನವನ್ನು ಮರ್ಯಾದೆಯಿಂದ, ಮರೆಯಲ್ಲಿ ಕಳೆದ ಹೆಂಗಸು, ಅಷ್ಟೊಂದು ಜನರೆದುರು ಪರ ಗಂಡಸರ ಕೈಯಲ್ಲಿ ಕುರ್ಚಿಯ ಮೇಲೆ ತೂಗಾಡಲು ಹೇಗೆ ಒಪ್ಪಿಯಾರು?

ಮದುಮಗಳ ತಾಯಿಯಾಗಿ ನಾನು ಮೇಲೆ ಗಡಿಬಿಡಿಯಲ್ಲಿದ್ದೆ. ಒಂದು ಗಂಟೆಯ ಮೇಲೆ, "ಉಮ್ಮ ಎಲ್ಲಿ?" ಎಂದು ನೆನಪಾಯಿತು. ಹುಡುಕುತ್ತಾ ಕೆಳಗೆ ಬಂದರೆ, ಅಡುಗೆ ಮನೆಯ ಪಕ್ಕದ ಉಗ್ರಾಣದಲ್ಲಿ ಅಕ್ಕಿ ಚೀಲಗಳ ನಡುವೆ ಒಂದು ಪ್ಲಾಸ್ಟಿಕ್ ಕುರ್ಚಿ ಹಾಕಿಸಿಕೊಂಡು ಕುಳಿತಿದ್ದರು. ನನ್ನ ಮುಖ ನೋಡಿ ಅವರೇ ಸಮಾಧಾನ ಹೇಳಿದರು: "ಪರವಾಗಿಲ್ಲ ಮಗಳೇ. ಇಲ್ಲಿಗೆ ಮೇಲಿನ ಶಬ್ದ ಕೇಳಿಸುತ್ತದೆ."

ಮೊಮ್ಮಗಳನ್ನು ಮದುಮಗಳ ಉಡುಪಿನಲ್ಲಿ ಅವರು ನೋಡಿದ್ದು ಎರಡೇ ನಿಮಿಷ. ಹೊರಟು ನಿಂತ ಕಾರಿನ ಇಂಜಿನ್ ಶಬ್ದದ ನಡುವೆ, ಕೊನೆಯ ಮೆಟ್ಟಿಲ ಬಳಿ. ಆ ಮೆಟ್ಟಿಲುಗಳನ್ನು ನಾನು ಆಮೇಲೆ ಎಣಿಸಿದ್ದೇನೆ. ಇಪ್ಪತ್ತೆಂಟು.

ಈಗ ಕಿರಿಯ ಮಗಳ ಸರದಿ. ಮಾತುಕತೆ ಮುಗಿದ ರಾತ್ರಿ ಉಮ್ಮ ಮೆಲ್ಲಗೆ ಹೇಳಿದರು: "ಈ ಸಲ ನಾನು ಬರುವುದಿಲ್ಲ. ಮನೆಯಲ್ಲೇ ಕೂತು ದುಆ ಮಾಡ್ತೇನೆ." ನನಗೆ ನಿದ್ದೆ ಬರಲಿಲ್ಲ. ಬೆಳಿಗ್ಗೆ ಚಹಾ ಕೊಡುವಾಗ ಇವರಿಗೆ ಹೇಳಿಬಿಟ್ಟೆ: "ಉಮ್ಮ ನೋಡಿ ಒಪ್ಪದೆ ಯಾವ ಹಾಲ್‌ಗೂ ಮುಂಗಡ ಕೊಡಬೇಡಿ." ಇವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ನಂತರ, "ಆ ದಿನ ಅವರು ಉಗ್ರಾಣದಲ್ಲಿ ಕೂತದ್ದು ನನಗೆ ಗೊತ್ತೇ ಇರಲಿಲ್ಲ. ಭಾನುವಾರ ತಮ್ಮನ ಕಾರು ತರಿಸುತ್ತೇನೆ" ಎಂದರು.

ಬನ್ನಿ, ಆ ಭಾನುವಾರ ನೀವೂ ನಮ್ಮ ಜೊತೆ ಕಾರಿನಲ್ಲಿ ಕುಳಿತುಕೊಳ್ಳಿ.

ಸೇತುವೆ ದಾಟಿ

ತೊಕ್ಕೊಟ್ಟು ಕಡೆಯಿಂದ ಮಂಗಳೂರಿಗೆ ಹೋಗುವವರಿಗೆ ನೇತ್ರಾವತಿ ಸೇತುವೆ ಗೊತ್ತು. ಒಂದು ಬದಿಯಲ್ಲಿ ರೈಲು ಸೇತುವೆ, ದೂರದಲ್ಲಿ ನದಿ ಸಮುದ್ರ ಸೇರುವ ಕಡೆ ಬೆಳ್ಳಿಯಂತೆ ಹೊಳೆಯುವ ನೀರು. ಉಮ್ಮ ಕಿಟಕಿ ಗಾಜು ಇಳಿಸಿ ನೋಡುತ್ತಾ ಕುಳಿತರು. ಎಷ್ಟೋ ತಿಂಗಳ ನಂತರ ಆಸ್ಪತ್ರೆಗಲ್ಲದೆ ಬೇರೆ ಕೆಲಸಕ್ಕೆ ಅವರು ಪೇಟೆಗೆ ಹೊರಟದ್ದು ಅದೇ ಮೊದಲು.

ಹೆದ್ದಾರಿ ಬದಿಯ ಒಂದು ದೊಡ್ಡ ಕನ್ವೆನ್ಷನ್ ಹಾಲ್ ನಮ್ಮ ಮೊದಲ ನಿಲ್ದಾಣ. ಇಂಥವನ್ನು ನೀವೂ ನೋಡಿದ್ದೀರಿ. ಗಾಜಿನ ಮುಂಭಾಗ, ಕಾರಂಜಿ, ಕನ್ನಡಿಯಂತೆ ಮಿನುಗುವ ನೆಲ, ಪೂರ್ತಿ ಹವಾನಿಯಂತ್ರಣ. ಮಗಳ ಕಣ್ಣು ಅರಳಿತು. ಮ್ಯಾನೇಜರ್ ಬಹಳ ವಿನಯದಿಂದ ಎಲ್ಲವನ್ನೂ ತೋರಿಸಿದರು. ಹೆಂಗಸರ ಹಾಲ್ ಮೊದಲ ಮಹಡಿಯಲ್ಲಿ. "ಲಿಫ್ಟ್ ಇದೆ ಅಮ್ಮಾ, ತೊಂದರೆ ಇಲ್ಲ" ಎಂದರು.

ಲಿಫ್ಟ್ ಇತ್ತು, ನಿಜ. ಆರು ಮಂದಿ ಹಿಡಿಸುವ ಒಂದೇ ಒಂದು ಲಿಫ್ಟ್. ನಾನು ಅಲ್ಲೇ ನಿಂತು ಲೆಕ್ಕ ಹಾಕಿದೆ. ಹೋಗಿ ಬರಲು ಒಂದೂವರೆ ನಿಮಿಷ ಎಂದಿಟ್ಟುಕೊಳ್ಳಿ. 500 ಹೆಂಗಸರು ಅದರಲ್ಲೇ ಹತ್ತಬೇಕಾದರೆ 84 ಸಲ ಓಡಬೇಕು, ಎರಡು ಗಂಟೆ ದಾಟುತ್ತದೆ. ಅದರ ಮೇಲೆ ಬಿರಿಯಾನಿಯ ಪಾತ್ರೆಗಳೂ ಅದೇ ಲಿಫ್ಟ್‌ನಲ್ಲಿ ಮೇಲೆ ಹೋಗುತ್ತವೆ ಎಂದು ಅಲ್ಲಿನ ಕೆಲಸದ ಹುಡುಗ ಬಾಯಿ ತಪ್ಪಿ ಹೇಳಿದ. "ಕರೆಂಟ್ ಹೋದರೆ?" ಎಂದು ಉಮ್ಮ ಕೇಳಿದರು. ಜನರೇಟರ್‌ನಿಂದ ದೀಪ ಮತ್ತು ಫ್ಯಾನ್ ನಡೆಯುತ್ತದೆ, ಲಿಫ್ಟ್ ನಡೆಯುವುದಿಲ್ಲ ಎಂಬ ಉತ್ತರ ಬಂತು.

ಮೇಲೆ ಹೋಗಿ ನೋಡಿದರೆ ಹಾಲ್ ಭವ್ಯವಾಗಿತ್ತು. ಆದರೆ ಹೆಂಗಸರಿಗೆಂದು ಇದ್ದ ಶೌಚಾಲಯ ಬರೀ ಮೂರು. ಕುಳಿತು ಏಳಲು ಕಮೋಡ್ ಇದ್ದದ್ದು ಒಂದರಲ್ಲಿ ಮಾತ್ರ, ಅದಕ್ಕೂ ಎತ್ತರದ ಹೊಸ್ತಿಲು. ನಮಾಝಿಗೆ ಸ್ಥಳವೆಲ್ಲಿ ಎಂದು ಕೇಳಿದ್ದಕ್ಕೆ ಕೆಳಗೆ ಗಂಡಸರ ಬದಿಯ ಚೊಕ್ಕಟವಾದ ಕೋಣೆಯನ್ನು ತೋರಿಸಿದರು. ಹೆಂಗಸರಿಗೆ? "ಮದುಮಗಳ ಕೋಣೆಯಲ್ಲಿ ಹೊಂದಿಸಿಕೊಳ್ಳಬಹುದು." ಮಗುವಿಗೆ ಹಾಲುಣಿಸಲು? ಅದಕ್ಕೂ ಮದುಮಗಳ ಕೋಣೆಯೇ! ಪಾಪ, ಆ ಒಂದು ಕೋಣೆ ಎಷ್ಟನ್ನು ತಾಳಿಕೊಂಡೀತು?

ಬಾಡಿಗೆ ಹೇಳಿದಾಗ ಇವರು ಮೆಲ್ಲಗೆ ಕೆಮ್ಮಿದರು. ಅದರ ಮೇಲೆ ಶೇ. 18 ಜಿಎಸ್‌ಟಿ, ಅಲಂಕಾರ ಅವರು ಹೇಳಿದವರಿಂದಲೇ ಆಗಬೇಕು, ಅಡುಗೆ ಹೊರಗಿನವರದ್ದಾದರೆ ಬೇರೆ ಶುಲ್ಕ, ಸ್ವಚ್ಛತೆಗೆ ಮತ್ತೊಂದು. "ಬಾಡಿಗೆ ಎಷ್ಟು?" ಎಂದು ಕೇಳಿದರೆ ಸಾಲದು. "ಬೀಗ ತೆಗೆದು ಬೀಗ ಹಾಕುವವರೆಗೆ ಒಟ್ಟು ಎಷ್ಟು?" ಎಂದು ಕೇಳಬೇಕು ಎಂಬುದನ್ನು ನಾನು ಅಲ್ಲಿ ಕಲಿತೆ.

ಮಗಳ ಹೆಸರು ಹೊತ್ತ ಮಸೀದಿ

ಪಂಪ್‌ವೆಲ್ ದಾಟಿ, ಹಂಪನಕಟ್ಟೆ ಹಾದು ಬಂದರಿಗೆ ಇಳಿದೆವು. ಮಂಗಳೂರಿನ ಹಳೆಯ ಬಂದರಿನ ಓಣಿಗಳಲ್ಲಿ ನೀವು ನಡೆದಿದ್ದೀರಾ? ಅಕ್ಕಿ, ಮೆಣಸು, ಒಣಮೀನಿನ ವಾಸನೆ ಒಂದರ ಮೇಲೊಂದು ಬಂದು ಮುತ್ತುತ್ತದೆ. ಹೆಂಚಿನ ಮಾಡಿನ ಗೋದಾಮುಗಳು, ಸರಕು ಇಳಿಸುವ ಲಾರಿಗಳು. ಅವುಗಳ ನಡುವೆ ನಮ್ಮ ಝೀನತ್ ಬಕ್ಷ್ ಜುಮಾ ಮಸೀದಿ.

ಅರಬ್ ವರ್ತಕರು ನಮ್ಮ ಕರಾವಳಿಗೆ ಬರುತ್ತಿದ್ದ ಕಾಲದಿಂದ, ಮಾಲಿಕ್ ಬಿನ್ ದೀನಾರ್‌ರ ಸಂಗಡಿಗರಿಂದ ಈ ಮಸೀದಿಯ ಚರಿತ್ರೆ ಆರಂಭವಾಗುತ್ತದೆ ಎಂಬುದು ಪರಂಪರೆಯಿಂದ ಬಂದ ನಂಬಿಕೆ. 18ನೇ ಶತಮಾನದಲ್ಲಿ ಟಿಪ್ಪು ಸುಲ್ತಾನ್ ಇದನ್ನು ಜೀರ್ಣೋದ್ಧಾರ ಮಾಡಿಸಿದರು. ಝೀನತ್ ಬಕ್ಷ್ ಎಂಬುದು ಅವರ ಮಗಳ ಹೆಸರೆಂದು ಹೇಳಲಾಗುತ್ತದೆ. ಒಳಗಿನ ಮರದ ಕಂಬಗಳ ಕೆತ್ತನೆಯನ್ನು ನೋಡಲು ದೂರದೂರದಿಂದ ಜನ ಬರುತ್ತಾರೆ.

ಇಲ್ಲಿಗೆ ಬರಲು ಕಾರಣವಿತ್ತು. ನಿಕಾಹ್ ಅನ್ನು ಮಸೀದಿಯಲ್ಲೇ ನಡೆಸಬೇಕೆಂಬುದು ಇವರ ಆಸೆ. ಮಸೀದಿಗೆ ಅಲಂಕಾರ ಬೇಡ, ವೇದಿಕೆ ಬೇಡ, ಬಾಡಿಗೆಯ ಚೌಕಾಸಿ ಇಲ್ಲ. ವಲಿ, ಇಬ್ಬರು ಸಾಕ್ಷಿಗಳು, ಮಹ್ರ್, ಈಜಾಬ್-ಖಬೂಲ್. ಖತೀಬರ ಖುತ್‌ಬಾ ಮುಗಿದರೆ ಅರ್ಧ ಗಂಟೆಯ ಕೆಲಸ. ಜಮಾಅತಿನ ಮುಂದೆ ನಡೆಯುವುದರಿಂದ ಊರಿಗೆಲ್ಲ ಸಾರಿದಂತೆಯೂ ಆಯಿತು. ಇವರು ಒಳಗೆ ಹೋಗಿ ವಿಚಾರಿಸುತ್ತಿದ್ದಾಗ ನಾನು, ಉಮ್ಮ, ಮಗಳು ಕಾರಿನಲ್ಲಿ ಕುಳಿತಿದ್ದೆವು. "ಮಗಳ ಹೆಸರಿಟ್ಟು ಮಸೀದಿ ಕಟ್ಟಿಸಿದವರು ಇದ್ದ ಊರಿದು. ಈಗ ಹೆಣ್ಣುಮಕ್ಕಳಿಗೆ ಒಂದು ಮೆಟ್ಟಿಲು ಸರಿಯಾಗಿ ಕಟ್ಟಿಸಲು ನಮಗೆ ಆಗುವುದಿಲ್ಲವಲ್ಲ!" ಎಂದು ಉಮ್ಮ ನಕ್ಕರು. ನಗುತ್ತಲೇ ಹೇಳಿದ್ದು. ಆದರೆ ನನಗೆ ಚುಚ್ಚಿತು.

ಇವರು ಹೊರಗೆ ಬಂದು ಕಾರಿನ ಬಾಗಿಲು ಹಿಡಿದು ನಿಂತು, ಆ ಓಣಿಯನ್ನು ಒಮ್ಮೆ ನೋಡಿದರು. ಎರಡು ಬಸ್ಸು ಜನ ಬಂದರೆ ಎಲ್ಲಿ ನಿಲ್ಲುವುದು? ಮೇಲಾಗಿ ನಮ್ಮದೇ ಮೊಹಲ್ಲಾದ ಮಸೀದಿ ಇರುವಾಗ ಇಷ್ಟು ದೂರ ಬರುವುದೇಕೆ? ನಿಕಾಹ್ ನಮ್ಮ ಮಸೀದಿಯಲ್ಲೇ ಅಸರ್ ನಮಾಝಿನ ಬಳಿಕ ಎಂದು ಅಲ್ಲೇ ತೀರ್ಮಾನವಾಯಿತು. ಗಂಡಸರ ಮುಖ್ಯ ಕಾರ್ಯಕ್ರಮಕ್ಕೆ ಜಾಗ ಸಿಕ್ಕಿತು. ಹಾಲ್ ಬೇಕಾದದ್ದು ಇನ್ನು ಊಟಕ್ಕೆ ಮತ್ತು ಹೆಂಗಸರ ಕೂಟಕ್ಕೆ ಮಾತ್ರ. ಹೀಗೆ ಬಿಡಿಸಿ ನೋಡಿದಾಗ ಅರ್ಧ ಭಾರ ಇಳಿದಂತಾಯಿತು.

ಅಂಗಳದ ಚಪ್ಪರ

ಮರಳುವಾಗ ಉಮ್ಮ ತಮ್ಮ ಮದುವೆಯ ಕತೆ ತೆಗೆದರು. 1960ರ ದಶಕ. ಅಂಗಳದಲ್ಲಿ ಅಡಿಕೆ ಮರದ ಕಂಬ ನೆಟ್ಟು, ಹೆಣೆದ ತೆಂಗಿನ ಮಡಲು ಹೊದಿಸಿದ ಚಪ್ಪರ. ಊರವರೇ ಕಟ್ಟಿದ್ದು, ಊರವರೇ ಬಿಚ್ಚಿದ್ದು. ರಾತ್ರಿ ಗ್ಯಾಸ್ ಲೈಟಿನ ಬೆಳಕಿನಲ್ಲಿ ಮದುಮಗನ ದಿಬ್ಬಣ. ಅಂಗಳ ಗಂಡಸರಿಗೆ, ಇಡೀ ಮನೆ ಹೆಂಗಸರಿಗೆ. ಕಿಟಕಿಯ ಸರಳುಗಳ ಹಿಂದಿನಿಂದ ಎಲ್ಲವೂ ಕಾಣುತ್ತಿತ್ತು. ಹಾಸಿಗೆ ಹಿಡಿದ ಅಜ್ಜಿಯ ಕೋಣೆಗೇ ಮದುಮಗಳು ಹೋಗಿ ಸಲಾಮ್ ಹೇಳಿ ಬರುತ್ತಿದ್ದಳು. "ಆಗ ಮುದುಕಿಯರು ಮದುವೆಗೆ ಹೋಗಬೇಕಾಗಿರಲಿಲ್ಲ, ಮದುವೆಯೇ ಅವರ ಬಳಿಗೆ ಬರುತ್ತಿತ್ತು" ಎಂದರು ಉಮ್ಮ.

"ಹಾಗಾದರೆ ನಮ್ಮ ಅಂಗಳದಲ್ಲೇ ಚಪ್ಪರ ಹಾಕೋಣವೇ?" ಎಂದು ಮಗಳು ಕೇಳಿದಳು. ಆಸೆಯೇನೋ ಆಗುತ್ತದೆ. ಆದರೆ ನಮ್ಮದು ಐದು ಸೆಂಟ್ಸ್ ಜಾಗ. ನಾಲ್ಕು ಕಾರು ನಿಂತರೆ ರಸ್ತೆ ಬಂದ್. ಅಡುಗೆಯ ಒಲೆ, ಕೈ ತೊಳೆಯುವ ನೀರು ಎಲ್ಲವೂ ನೆರೆಯವರ ಗೋಡೆಗೇ ತಾಗುತ್ತವೆ. ನಮ್ಮ ಸುಖಕ್ಕಾಗಿ ನೆರೆಮನೆಯವರಿಗೆ ತೊಂದರೆ ಕೊಡುವುದು ಸರಿಯಲ್ಲ. ತೋಟದ ಮನೆ, ವಿಶಾಲ ಅಂಗಳ ಇರುವವರು ಮಾತ್ರ ಖಂಡಿತ ಈ ದಾರಿಯನ್ನು ಯೋಚಿಸಬಹುದು. ಆದರೆ ದಿನ ಜೂನ್‌ನಿಂದ ಸೆಪ್ಟೆಂಬರ್ ನಡುವೆ ಬೀಳಬಾರದು. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್‌ನಷ್ಟು ಸುರಿಯುವ ಮಳೆಯ ಬಹುಪಾಲು ಬೀಳುವುದು ಆ ನಾಲ್ಕು ತಿಂಗಳಲ್ಲಿ.

ಚಪ್ಪರ ಎಂದಾಗ ಇನ್ನೊಂದು ಎಚ್ಚರಿಕೆಯೂ ನೆನಪಾಗುತ್ತದೆ. 2004ರ ಜನವರಿ 23ರಂದು ತಮಿಳುನಾಡಿನ ಶ್ರೀರಂಗಂನಲ್ಲಿ ಒಂದು ಮದುವೆ ಮಂಟಪಕ್ಕೆ ಬೆಂಕಿ ಬಿತ್ತು. ಮಹಡಿಯ ಮೇಲೆ ಗರಿಯ ಚಪ್ಪರ ಹಾಕಿ ಮದುವೆ ನಡೆಯುತ್ತಿತ್ತು. ಇಳಿದು ಓಡಲು ಇಕ್ಕಟ್ಟಾದ ಮೆಟ್ಟಿಲು. ವರನೂ ಸೇರಿ ಐವತ್ತಕ್ಕೂ ಹೆಚ್ಚು ಮಂದಿ ಸತ್ತರು. ಯಾರ ಮನೆಯ ಮದುವೆಯಾದರೇನು, ದುಃಖ ಒಂದೇ ತಾನೆ? ಅಂದಿನಿಂದ ಮಹಡಿಯ ಮೇಲಿನ ಯಾವ ಹಾಲ್ ನೋಡಿದರೂ ನಾನು ಮೊದಲು ಎರಡನೆಯ ಬಾಗಿಲನ್ನು ಹುಡುಕುತ್ತೇನೆ. ಇದ್ದರೆ, ಅದಕ್ಕೆ ಬೀಗ ಹಾಕಿದೆಯೇ, ಅದರ ಮುಂದೆ ಕುರ್ಚಿ ಪೇರಿಸಿದ್ದಾರೆಯೇ ಎಂದು ನೋಡುತ್ತೇನೆ. ಮೆಟ್ಟಿಲಿಗೆ ಹೆದರುವುದು ಬರೀ ಮುದುಕಿಯರ ಮಂಡಿನೋವಿನ ಮಾತಲ್ಲ. ಮಕ್ಕಳನ್ನು ಎತ್ತಿಕೊಂಡ, ಉದ್ದನೆಯ ಉಡುಪು ತೊಟ್ಟ ನಾನೂರು ಹೆಂಗಸರು ಒಮ್ಮೆಲೇ ಇಳಿಯಬೇಕಾದರೆ ಏನಾದೀತು ಎಂಬ ಪ್ರಶ್ನೆ ಅದು.

ಯಾರೂ ಕೇಳದ ಪ್ರಶ್ನೆ

ಕೊನೆಗೆ ನಾವು ಹೋದದ್ದು ಮನೆಯಿಂದ ಮೂರು ಕಿಲೋಮೀಟರ್ ದೂರದ ಒಂದು ಸಮುದಾಯ ಭವನಕ್ಕೆ. ಜಮಾಅತಿನವರು ನಡೆಸುವ ಸಾದಾ ಹಾಲ್. ಕಾರಂಜಿ ಇಲ್ಲ, ಗಾಜಿಲ್ಲ. ಗೋಡೆಗೆ ಸುಣ್ಣ, ಮೇಲೆ ಫ್ಯಾನ್. ಮುಂದೆ ಎರಡು ಬಸ್ಸು ತಿರುಗಿಸುವಷ್ಟು ಬಯಲು. ಅಲ್ಲೂ ಅದೇ ವ್ಯವಸ್ಥೆ: ಕೆಳಗೆ ಗಂಡಸರು, ಮೇಲೆ ಹೆಂಗಸರು. ನನ್ನ ಎದೆ ಧಸಕ್ಕೆಂದಿತು. ಇನ್ನು ಬೇರೆ ಎಲ್ಲಿಗೆ ಹೋಗುವುದು?

ಉಮ್ಮ ಕೆಳಗಿನ ಹಾಲ್‌ನ ನಡುವೆ ಒಂದು ಕುರ್ಚಿ ಎಳೆದು ಕುಳಿತರು. ಸುತ್ತ ನೋಡಿದರು. ಮೆಲ್ಲಗೆ, ಮಗುವಿನಂತೆ ಕೇಳಿದರು: "ಗಂಡಸರು ಮೇಲೆ ಹೋದರೆ ಆಗುವುದಿಲ್ಲವೇ? ಅವರ ಕಂಕುಳಲ್ಲಿ ಕೂಸುಗಳಿರುವುದಿಲ್ಲವಲ್ಲ."

ಮೇಲ್ವಿಚಾರಕರು ಒಮ್ಮೆ ಇವರ ಮುಖ ನೋಡಿದರು, ಒಮ್ಮೆ ಮೆಟ್ಟಿಲ ಕಡೆ ನೋಡಿದರು. "ಆಗದೆ ಏನು? ಎರಡೂ ಹಾಲ್ ಒಂದೇ ಅಳತೆ. ಇಷ್ಟು ವರ್ಷದಲ್ಲಿ ಯಾರೂ ಕೇಳಿಲ್ಲ ಅಷ್ಟೇ" ಎಂದರು.

ನೋಡಿದಿರಾ? ಕಲ್ಲು, ಸಿಮೆಂಟು ಯಾವುದನ್ನೂ ಕದಲಿಸಬೇಕಾಗಿರಲಿಲ್ಲ. ಕಟ್ಟಡ ಅದೇ, ಬಾಡಿಗೆ ಅದೇ. ಬೇಕಾಗಿದ್ದದ್ದು ಒಂದು ಪ್ರಶ್ನೆ. ಅದನ್ನು ಕೇಳಬಲ್ಲವರನ್ನು ನಾವು ಇಷ್ಟು ವರ್ಷ ಮನೆಯಲ್ಲೇ ಬಿಟ್ಟು ಹಾಲ್ ನೋಡಲು ಹೋಗುತ್ತಿದ್ದೆವು.

ತೊಂದರೆಗಳು ಇಲ್ಲವೆಂದಲ್ಲ. ಮುಂಬಾಗಿಲಲ್ಲಿ ನಾಲ್ಕು ಮೆಟ್ಟಿಲುಗಳಿದ್ದವು, ಸುಮಾರು ಎರಡಡಿ ಎತ್ತರ. ಗಾಲಿಕುರ್ಚಿ ಸುಲಭವಾಗಿ ಹತ್ತಬೇಕಾದರೆ ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದದ ಇಳಿಜಾರು ಬೇಕು ಎಂಬುದು ಕಟ್ಟಡದ ಲೆಕ್ಕ. ಹಾಗಾದರೆ 24 ಅಡಿ. ಬದಿಯ ಬಾಗಿಲ ಮುಂದೆ ಅಷ್ಟು ಜಾಗವಿತ್ತು. ಸಾರ್ವಜನಿಕರು ಬಳಸುವ ಕಟ್ಟಡಗಳಲ್ಲಿ ಇಂಥ ಅನುಕೂಲ ಇರಬೇಕೆಂದು 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯೂ ಹೇಳುತ್ತದೆ. ಇವರು ಕಮಿಟಿಯವರೊಂದಿಗೆ ಮಾತನಾಡಿದರು. ಸಿಮೆಂಟಿನ ಇಳಿಜಾರನ್ನು ಅವರು ಕಟ್ಟಿಸುತ್ತಾರೆ, ಸ್ಟೀಲಿನ ಹಿಡಿಕಂಬಿ ನಮ್ಮ ಕಡೆಯಿಂದ. ಅಲಂಕಾರಕ್ಕೆಂದು ತೆಗೆದಿಟ್ಟ ಹಣದಿಂದ ಅದು ಹೋಗುತ್ತದೆ. ನಮ್ಮ ಮದುವೆಯ ಹೂವು ಮರುದಿನ ಬಾಡುತ್ತದೆ, ಆ ಕಂಬಿಯನ್ನು ಎಷ್ಟೋ ಕೈಗಳು ಎಷ್ಟೋ ವರ್ಷ ಹಿಡಿಯುತ್ತವೆ. ಸದಖಾ ಎಂದರೆ ಇದೂ ಅಲ್ಲವೇ?

ಇನ್ನೊಂದು ತೊಡಕು ಜನರ ಸಂಖ್ಯೆ. ಕುರ್ಚಿ ಹಾಕಿ ಕೂರಲು ಒಬ್ಬರಿಗೆ 8ರಿಂದ 10 ಚದರ ಅಡಿ ಬೇಕು, ಮೇಜು ಹಾಕಿ ಉಣ್ಣಲು 12ರಿಂದ 15. ಅಲ್ಲಿಯ ಹಾಲ್ 60 ಅಡಿ ಉದ್ದ, 40 ಅಡಿ ಅಗಲ. ಅಂದರೆ 2,400 ಚದರ ಅಡಿ. ಒಮ್ಮೆಗೆ ಇನ್ನೂರು ಮಂದಿಗಿಂತ ಹೆಚ್ಚು ಜನರಿಗೆ ಊಟ ಬಡಿಸಲಾಗದು. ನಮ್ಮ ಪಟ್ಟಿ ಸಾವಿರ ದಾಟಿತ್ತು. ಆ ರಾತ್ರಿ ಪಟ್ಟಿ ಹಿಡಿದು ಕುಳಿತೆವು. ಸಂಬಂಧಿಕರು, ನೆರೆಯವರು, ಬಡವರು ಉಳಿದರು. "ಅವರು ಕರೆದಿದ್ದರು, ನಾವೂ ಕರೆಯಬೇಕು" ಎಂಬ ಕಾರಣಕ್ಕೆ ಮಾತ್ರ ಇದ್ದ ಹೆಸರುಗಳು ಹೋದವು. ಕೆಲವರಿಗೆ ಬೇಸರವಾದೀತು. ಆಗ ನನಗೆ ನೆನಪಾದದ್ದು ಪ್ರವಾದಿ(ಸ)ರು ಹ. ಸಫಿಯ್ಯಾ(ರ)ರನ್ನು ವಿವಾಹವಾದ ಸಂದರ್ಭದ ವಲೀಮ. ಅದು ನಡೆದದ್ದು ಖೈಬರ್‌ನಿಂದ ಮದೀನಾಕ್ಕೆ ಮರಳುವ ದಾರಿಯಲ್ಲಿ. ಬಯಲಲ್ಲಿ ಚರ್ಮದ ಹಾಸು ಹಾಸಿದರು. ಖರ್ಜೂರ, ತುಪ್ಪ, ಒಣಗಿಸಿದ ಗಿಣ್ಣು, ಅಷ್ಟೇ ಔತಣ. ಗೋಡೆಯೇ ಇಲ್ಲದ ಆ ಜಾಗಕ್ಕಿಂತ ಒಳ್ಳೆಯ ಹಾಲ್ ಯಾವುದಿದೆ?

ನೀವು ಹೋಗುವಾಗ

ಮುಂದೆ ನಿಮ್ಮ ಮನೆಯಲ್ಲೂ ಒಂದು ಮದುವೆಯೋ ಅಖೀಖಾವೋ ಬಂದೀತು. ಹಾಲ್ ನೋಡಲು ಹೋಗುವಾಗ ಈ ಕೆಲವು ಮಾತುಗಳು ನೆನಪಿರಲಿ.

ಖಾಲಿ ಹಾಲ್ ಎಲ್ಲವೂ ದೊಡ್ಡದಾಗಿಯೇ ಕಾಣುತ್ತದೆ. ಸಾಧ್ಯವಾದರೆ ಅಲ್ಲಿ ಬೇರೊಂದು ಕಾರ್ಯಕ್ರಮ ನಡೆಯುವ ದಿನ ಹೊರಗಿನಿಂದಾದರೂ ನೋಡಿ ಬನ್ನಿ. ಗೇಟಿನಿಂದ ಹೆಂಗಸರ ಕುರ್ಚಿಯವರೆಗೆ ನೀವೇ ನಡೆಯಿರಿ. ಮೆಟ್ಟಿಲು ಎಣಿಸಿ. ನಳ್ಳಿ ತಿರುಗಿಸಿ ನೀರು ಬರುತ್ತದೆಯೇ ನೋಡಿ. ಶೌಚಾಲಯದ ಬಾಗಿಲಿಗೆ ಚಿಲಕ ಇದೆಯೇ ನೋಡಿ. ವುಝೂ ಮತ್ತು ನಮಾಝಿಗೆ, ಮಗುವಿಗೆ ಹಾಲುಣಿಸಲು ಪ್ರತ್ಯೇಕ ಮರೆ ಎಲ್ಲಿದೆ ಎಂದು ಕೇಳಿ. ಹೆಂಗಸರ ಭಾಗಕ್ಕೆ ಊಟ ಬಡಿಸುವವರು ಯಾರು, ಕ್ಯಾಮೆರಾ ಹಿಡಿದವರು ಎಲ್ಲಿಯವರೆಗೆ ಬರುತ್ತಾರೆ ಎಂಬುದನ್ನು ಮೊದಲೇ ಮಾತನಾಡಿಕೊಳ್ಳಿ. ರಾತ್ರಿ 10ರ ನಂತರ ತೆರೆದ ಜಾಗದಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ರಮಝಾನ್ ಮುಗಿದ ಮೇಲೆ ಶವ್ವಾಲ್‌ನಲ್ಲಿ ಮದುವೆಗಳ ಸಾಲು ಇರುವುದರಿಂದ ಹಾಲ್‌ಗಳು ಬೇಗ ಭರ್ತಿಯಾಗುತ್ತವೆ. ರಮಝಾನ್ ಪ್ರತಿ ವರ್ಷ ಸುಮಾರು ಹನ್ನೊಂದು ದಿನ ಮುಂಚೆ ಬರುತ್ತದೆ ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ. ಮುಂಗಡ ಕೊಟ್ಟರೆ ರಸೀದಿ ಪಡೆಯಿರಿ. ದಿನ ಬದಲಾದರೆ ಎಷ್ಟು ಹಣ ಮರಳುತ್ತದೆ ಎಂಬುದು ಅದರಲ್ಲಿ ಬರೆದಿರಲಿ.

ಎಲ್ಲಕ್ಕಿಂತ ಮೊದಲು, ನಿಮ್ಮ ಮನೆಯ ಅತಿಥಿಗಳಲ್ಲಿ ಎಲ್ಲರಿಗಿಂತ ಕಷ್ಟದಲ್ಲಿ ನಡೆಯುವವರು ಯಾರು ಎಂದು ಯೋಚಿಸಿ. ಅಜ್ಜಿಯಿರಬಹುದು, ತುಂಬು ಗರ್ಭಿಣಿ ನಾದಿನಿಯಿರಬಹುದು, ಕಾಲಿಲ್ಲದ ನೆರೆಯವಳಿರಬಹುದು. ಅವರಿಗೆ ಸರಿಹೊಂದುವ ಜಾಗ ಎಲ್ಲರಿಗೂ ಸರಿಹೊಂದುತ್ತದೆ.

ಅಂದು ಸಂಜೆ ಮನೆಗೆ ಬಂದಾಗ ಉಮ್ಮನಿಗೆ ಬಹಳ ಆಯಾಸವಾಗಿತ್ತು. ಮಂಡಿಗೆ ಎಣ್ಣೆ ಹಚ್ಚಿ ತಿಕ್ಕುತ್ತಾ, "ಈಗಲೂ ಮನೆಯಲ್ಲೇ ಕೂತು ದುಆ ಮಾಡುವುದೋ?" ಎಂದು ತಮಾಷೆಗೆ ಕೇಳಿದೆ.

ಅವರು ಉತ್ತರ ಕೊಡಲಿಲ್ಲ. ಪಕ್ಕದಲ್ಲಿದ್ದ ಮೊಮ್ಮಗಳ ಕಡೆ ತಿರುಗಿ ಹೇಳಿದರು: "ನೋಡು, ಕಪಾಟಿನ ಮೇಲಿನ ಅರೆಯಲ್ಲಿ ಆ ಹಸಿರು ಸೀರೆ ಇದೆ. ನಿನ್ನ ಅಕ್ಕನ ಮದುವೆಗೆ ತಂದದ್ದು. ಅದನ್ನು ಒಮ್ಮೆ ಬಿಸಿಲಿಗೆ ಹಾಕು."